ಹಳೆ ಕಾರಿಗೆ ಹೊಸ ಸ್ಪ್ರಿಂಗ್: ಗಟ್ಟಿಯಾದದ್ದೆಲ್ಲ ಒಳ್ಳೆಯದಲ್ಲ

ವರ್ಷಗಟ್ಟಲೆ ತಾಡಪತ್ರಿ ಹೊದ್ದು ನಿಂತಿದ್ದ ಕಾರಿನ ಎಂಜಿನ್ ಒಮ್ಮೆ ಗುಡುಗಿತೆಂದರೆ ಸಾಕು, ಕಾರಿಗೆ ಜೀವ ಬಂತೆಂದು ಮನೆಮಂದಿಯೆಲ್ಲ ಸಂಭ್ರಮಿಸುತ್ತಾರೆ. ಆಮೇಲೆ ಬಣ್ಣ, ಸೀಟಿನ ಹೊದಿಕೆ, ಹೊಳೆಯುವ ಬಂಪರ್ ಎಂದು ಖರ್ಚು ಸಾಲುಗಟ್ಟುತ್ತದೆ. ಗಾಲಿಗಳ ಹಿಂದೆ ಕತ್ತಲಲ್ಲಿ ಕುಳಿತ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್‌ಗಳ ಸರದಿ ಬರುವುದು ಎಲ್ಲಕ್ಕೂ ಕೊನೆಗೆ. ಅಷ್ಟು ಹೊತ್ತಿಗೆ ಜೇಬೂ ಬರಿದು, ತಾಳ್ಮೆಯೂ ಬರಿದು. ‘ಯಾವುದಾದರೂ ಗಟ್ಟಿಯಾದದ್ದು ಹಾಕಿಬಿಡಿ’ ಎಂಬ ಮಾತು ಹೊರಡುವುದು ಆಗಲೇ. ಅಪಾಯ ಅಡಗಿರುವುದೂ ಆ ಮಾತಿನಲ್ಲೇ.

ಏಕೆಂದರೆ ಕಾರು ಎಷ್ಟೇ ದೊಡ್ಡದಿರಲಿ, ಅದು ನೆಲವನ್ನು ಮುಟ್ಟುವುದು ಅಂಗೈಯಷ್ಟಗಲದ ನಾಲ್ಕು ಜಾಗಗಳಲ್ಲಿ ಮಾತ್ರ. ಆ ನಾಲ್ಕು ಅಂಗೈಗಳು ನೆಲಕ್ಕೆ ಅಂಟಿಕೊಂಡಿದ್ದರೆ ಬ್ರೇಕ್ ಹಿಡಿಯುತ್ತದೆ, ಸ್ಟಿಯರಿಂಗ್ ಮಾತು ಕೇಳುತ್ತದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಗಾಲಿಯೊಂದು ಸೆಕೆಂಡಿನ ಹತ್ತನೇ ಒಂದು ಪಾಲಿನಷ್ಟು ಹೊತ್ತು ಗಾಳಿಯಲ್ಲಿ ಹಾರಿದರೆ ಆ ಎರಡು ಮೀಟರ್ ದೂರ ಆ ಗಾಲಿಗೆ ಬ್ರೇಕೇ ಇಲ್ಲ! ರಸ್ತೆ ದಾಟುವ ಶಾಲಾ ಮಗುವಿನ ಮುಂದೆ ಎರಡು ಮೀಟರ್ ಎಂದರೆ ಎಷ್ಟು ಎಂಬುದನ್ನು ಪಾಲಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮೂರು ಊರು, ಮೂರು ರಸ್ತೆ

ಬೆಳಗಾವಿ ಜಿಲ್ಲೆಯ ಹುಕ್ಕೇರಿ, ಗೋಕಾಕ, ಮೂಡಲಗಿ ತಾಲ್ಲೂಕುಗಳು ಒಂದರ ಮಗ್ಗುಲಿಗೆ ಒಂದಿವೆ. ಆದರೆ ಸ್ಪ್ರಿಂಗ್‌ನ ಪಾಲಿಗೆ ಇವು ಮೂರು ಬೇರೆ ಬೇರೆ ಲೋಕಗಳು.

ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರ, ಹತ್ತರಗಿ, ಯಮಕನಮರಡಿಗಳ ಬಳಿ ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿ ಹಾದುಹೋಗುತ್ತದೆ. ಹಿಂದೆ 4ನೇ ಸಂಖ್ಯೆಯಿದ್ದ ಈ ಹೆದ್ದಾರಿಗೆ ಈಗ 48ನೇ ಸಂಖ್ಯೆ. ಇಲ್ಲಿ ವೇಗ ಹೆಚ್ಚು. ಕಾರು ತೊನೆಯದೆ ನೇರ ಓಡಬೇಕು. ಘಟಪ್ರಭೆ 170 ಅಡಿ ಧುಮುಕುವ ಗೋಕಾಕದ ಕಡೆ ಬಂದರೆ ಬಂಡೆಗಲ್ಲಿನ ಗುಡ್ಡ, ತಿರುವು, ಇಳಿಜಾರು. ಇಲ್ಲಿ ಕಾರು ಒಂದು ಪಕ್ಕಕ್ಕೆ ವಾಲಬಾರದು. ಕಾಲುವೆ ನೀರಿನ, ಎರೆಮಣ್ಣಿನ ಮೂಡಲಗಿ ಸೀಮೆಯದು ಇನ್ನೊಂದೇ ಕಥೆ. ಎರೆ ಭೂಮಿ ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಕುಗ್ಗುತ್ತದೆ. ಮೇಲಿನ ಡಾಂಬರು ಅಲೆಅಲೆಯಾಗುತ್ತದೆ. ಕಬ್ಬು ಕಡಿಯುವ ಹಂಗಾಮಿನಲ್ಲಿ ಟ್ರೈಲರ್ ಕಟ್ಟಿದ ಟ್ರ್ಯಾಕ್ಟರ್‌ಗಳು ಓಡಿ ಗಾಲಿಜಾಡು ತೋಡುತ್ತವೆ. ಇಲ್ಲಿ ಗಾಲಿಗೆ ಮೇಲೆ ಕೆಳಗೆ ಆಡಲು ಜಾಗ ಬೇಕು, ಕಾರಿನ ಹೊಟ್ಟೆ ನೆಲಕ್ಕೆ ತಾಗಬಾರದು.

ಹೆದ್ದಾರಿ ಬಿಗಿಯಾದದ್ದನ್ನು ಕೇಳುತ್ತದೆ, ಎರೆಹೊಲದ ದಾರಿ ಮೆದುವಾದದ್ದನ್ನು ಕೇಳುತ್ತದೆ, ಘಟ್ಟದ ತಿರುವು ತಗ್ಗಾದದ್ದನ್ನು ಕೇಳುತ್ತದೆ. ಒಂದೇ ಕಾರು ಮೂವರನ್ನೂ ಒಪ್ಪಿಸಬೇಕು.

ಸ್ಪಿಟ್‌ಫೈರ್ ಮತ್ತು ನಮ್ಮ ಹೆರಾಲ್ಡ್

ಇಂಥ ಇಕ್ಕಟ್ಟನ್ನು ಅರಿಯಲು ಇಂಗ್ಲೆಂಡಿನ ಟ್ರಯಂಫ್ ಸ್ಪಿಟ್‌ಫೈರ್‌ಗಿಂತ ಒಳ್ಳೆಯ ಪಾಠ ಸಿಗಲಾರದು. 1962ರಲ್ಲಿ ಬಂದ ಈ ಎರಡು ಸೀಟಿನ ತೆರೆದ ಸ್ಪೋರ್ಟ್ಸ್ ಕಾರು ನಮ್ಮ ದೇಶದಲ್ಲಿ ತಯಾರಾಗಲಿಲ್ಲ. ಆದರೆ ಅದರ ಒಡಹುಟ್ಟು ಮಾತ್ರ ನಮ್ಮ ರಸ್ತೆಗಳಿಗೆ ಚಿರಪರಿಚಿತ. ಸ್ಪಿಟ್‌ಫೈರ್ ರೂಪುಗೊಂಡದ್ದು ಟ್ರಯಂಫ್ ಹೆರಾಲ್ಡ್ ಕಾರಿನ ಚಾಸಿಯನ್ನು ಮೊಟಕುಗೊಳಿಸಿ. ಅದೇ ಹೆರಾಲ್ಡನ್ನು 1961ರಿಂದ ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿ ‘ಸ್ಟ್ಯಾಂಡರ್ಡ್ ಹೆರಾಲ್ಡ್’ ಎಂಬ ಹೆಸರಿನಲ್ಲಿ ತಯಾರಿಸಿತು. ಎರಡಕ್ಕೂ ರೂಪ ಕೊಟ್ಟವರು ಇಟಲಿಯ ವಿನ್ಯಾಸಕಾರ ಜಿಯೊವಾನಿ ಮಿಕೆಲೊಟ್ಟಿ.

ಎರಡು ಕಾರುಗಳ ಮುಂಭಾಗದಲ್ಲೂ ಸುರುಳಿ ಸ್ಪ್ರಿಂಗ್, ಅದರ ಹೊಟ್ಟೆಯೊಳಗೆ ಶಾಕ್ ಅಬ್ಸಾರ್ಬರ್. ಹಿಂಭಾಗದಲ್ಲಿ ಮಾತ್ರ ಒಂದು ವಿಶೇಷ: ಅಡ್ಡಲಾಗಿ ಕುಳಿತ ಒಂದೇ ಪಟ್ಟಿ ಸ್ಪ್ರಿಂಗ್ – ಗ್ಯಾರೇಜಿನ ಭಾಷೆಯಲ್ಲಿ ‘ಪಾಟಾ’ – ಎರಡೂ ಗಾಲಿಗಳನ್ನು ಹೊತ್ತಿರುತ್ತದೆ. ಹಕ್ಕಿ ರೆಕ್ಕೆ ಆಡಿಸಿದಂತೆ ಎಡಗಾಲಿ, ಬಲಗಾಲಿ ಬೇರೆ ಬೇರೆಯಾಗಿ ಏರಿಳಿಯುತ್ತವೆ. ಕೆಟ್ಟ ರಸ್ತೆಗೆ ಇದು ವರವೇ. ಆದರೆ ವೇಗವಾಗಿ ತಿರುವು ತೆಗೆದುಕೊಂಡಾಗ ಕಾರಿನ ಹಿಂಭಾಗ ಎದ್ದು, ಹೊರಬದಿಯ ಗಾಲಿ ಕಾರಿನಡಿಗೆ ಮಡಚಿಕೊಳ್ಳತೊಡಗುತ್ತದೆ. ಟೈರಿನ ಹಿಡಿತ ತಟ್ಟನೆ ಕಡಿಮೆಯಾಗಿ ಹಿಂಭಾಗ ಜಾರುತ್ತದೆ.

ಮೂಡಲಗಿ ದಾರಿಯ ಗುಂಡಿಗೆ ಹೆದರಿ ಯಾರಾದರೂ ಇಂಥ ಕಾರಿನ ಹಿಂಭಾಗಕ್ಕೆ ಎತ್ತರದ, ಗಟ್ಟಿ ಪಾಟಾ ಹಾಕಿಸಿದರು ಎಂದುಕೊಳ್ಳಿ. ಹೊಟ್ಟೆ ತಾಗುವುದು ನಿಂತಿತು, ಸರಿ. ಆದರೆ ಕಾರು ಎತ್ತರವಾದಷ್ಟೂ ಹಿಂದಿನ ಗಾಲಿಗಳ ಬುಡ ಒಳಕ್ಕೆ ಸರಿದು ನಿಲ್ಲುತ್ತದೆ; ಮಡಚಿಕೊಳ್ಳುವ ಕೆಲಸಕ್ಕೆ ಅರ್ಧ ದಾರಿ ಮುಂಚೆಯೇ ಆಗಿಹೋಗಿರುತ್ತದೆ. ಮೂಡಲಗಿಯಲ್ಲಿ ಕಂಡ ಲಾಭಕ್ಕೆ ಗೋಕಾಕದ ತಿರುವಿನಲ್ಲಿ ದಂಡ ತೆರಬೇಕಾಗುತ್ತದೆ.

ಟ್ರಯಂಫ್ ಕಂಪನಿ 1970ರ ಕೊನೆಯಲ್ಲಿ ಬಂದ ಸ್ಪಿಟ್‌ಫೈರ್‌ನ ನಾಲ್ಕನೇ ಮಾದರಿಯಲ್ಲಿ ಇದನ್ನು ಸರಿಪಡಿಸಿದ ಬಗೆ ಸೊಗಸಾಗಿದೆ. ಅದು ಪಾಟಾವನ್ನು ಗಟ್ಟಿ ಮಾಡಲಿಲ್ಲ. ಪಾಟಾದ ಎಲ್ಲ ಪಟ್ಟಿಗಳನ್ನೂ ಬಿಗಿದು ಕೂರಿಸುವ ಬದಲು, ಒಂದನ್ನು ಬಿಟ್ಟು ಉಳಿದವು ನಡುವಿನ ಕೀಲಿನ ಮೇಲೆ ತೂಗಾಡುವಂತೆ ಮಾಡಿತು. ತಿರುವಿನಲ್ಲಿ ಹಿಂಭಾಗ ಮೆದುವಾಯಿತು. ಅದನ್ನು ಸರಿದೂಗಿಸಲು ಮುಂಭಾಗದ ವಾಲುತಡೆ ಸರಳನ್ನು ದಪ್ಪ ಮಾಡಲಾಯಿತು. ಹಿಂದೆ ಬಿಟ್ಟು ಮುಂದೆ ಹಿಡಿದದ್ದು! ಇಂದು ಅಂಥ ಕಾರಿಗೆ ಬದಲಿ ಪಾಟಾ ತರುವವರು ಇದು ಯಾವ ಮಾದರಿಯದು, ಮುಂದಿನ ಸರಳು ಎಷ್ಟು ದಪ್ಪ ಎಂದು ನೋಡದೆ ತಂದರೆ ಈ ಜೋಡಿಯೇ ಮುರಿದಂತೆ. ನಮ್ಮಲ್ಲಿ ಹೆರಾಲ್ಡ್ ನಂತರ 1972ರಲ್ಲಿ ಬಂದ ಸ್ಟ್ಯಾಂಡರ್ಡ್ ಗೆಜಲ್ ಕಾರಿಗೆ ಇಡೀ ಹಿಂದಿನ ಅಚ್ಚನ್ನೇ ಬದಲಿಸಿ, ಎರಡು ಗಾಲಿಗೂ ಒಂದೇ ಗಟ್ಟಿ ಅಚ್ಚು ಕೊಡಲಾಯಿತು. ಹಾಗಾಗಿ ಹೆರಾಲ್ಡ್‌ನ ಹಿಂದಿನ ಪಾಟಾ ಗೆಜಲ್‌ಗೂ ಸರಿಹೋದೀತೆಂದು ತರುವಂತಿಲ್ಲ.

ಕರ್ನಾಟಕದ್ದೇ ಉದಾಹರಣೆ ಬೇಕೆ? ಬೆಂಗಳೂರಿನ ಸಿಪಾನಿ ಕಂಪನಿ 1980ರ ದಶಕದಲ್ಲಿ ‘ಡಾಲ್ಫಿನ್’ ಎಂಬ ಪುಟ್ಟ ಕಾರು ತಯಾರಿಸಿತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಇದರ ಮೂಲ. ಫೈಬರ್‌ಗ್ಲಾಸ್ ಮೈ, 848 ಸಿ.ಸಿ. ಎಂಜಿನ್. ಹಗುರವಾಗಿದ್ದುದರಿಂದ ರ್‍ಯಾಲಿಗಳಲ್ಲಿ ಅದು ಹೆಸರು ಮಾಡಿತು. ಆದರೆ ಹಗುರ ಕಾರಿಗೆ ಸ್ಪ್ರಿಂಗ್ ಆರಿಸುವುದು ಇನ್ನೂ ಕಷ್ಟ. ತಲಾ 60 ಕಿಲೊ ತೂಕದ ನಾಲ್ವರು ಕುಳಿತರೆ 1200 ಕಿಲೊ ಕಾರಿನ ಭಾರ ಶೇ 20ರಷ್ಟು ಹೆಚ್ಚುತ್ತದೆ. 600 ಕಿಲೊ ಕಾರಿನದಾದರೆ ಶೇ 40ರಷ್ಟು. ಒಬ್ಬರೇ ಓಡಿಸುವಾಗ ಹಿತವಾದದ್ದು, ಮನೆಮಂದಿ ಹತ್ತಿದಾಗ ನೆಲ ಕಚ್ಚುತ್ತದೆ.

ಹುಕ್ ಹೇಳಿದ ಸೂತ್ರ

ಪ್ರೌಢಶಾಲೆಯ ವಿಜ್ಞಾನದಲ್ಲೇ ಬರುವ ನಿಯಮವಿದು. ಭಾರ ಹೆಚ್ಚಿದಷ್ಟೂ ಸ್ಪ್ರಿಂಗ್ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ ಅಥವಾ ಹಿಗ್ಗುತ್ತದೆ ಎಂದು ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ. ಒಂದು ಸೆಂಟಿಮೀಟರ್ ಕುಗ್ಗಲು ಎಷ್ಟು ಕಿಲೊ ಬೇಕೋ ಅದೇ ಆ ಸ್ಪ್ರಿಂಗ್‌ನ ಬಿಗಿತ. ವಿದೇಶಿ ಕೆಟಲಾಗುಗಳಲ್ಲಿ ಇದನ್ನು ಅಂಗುಲಕ್ಕೆ ಇಷ್ಟು ಪೌಂಡ್ ಎಂದು ಕೊಟ್ಟಿರುತ್ತಾರೆ. ಅದನ್ನು 5.6ರಿಂದ ಭಾಗಿಸಿದರೆ ಸೆಂಟಿಮೀಟರಿಗೆ ಎಷ್ಟು ಕಿಲೊ ಎಂಬುದು ಸಿಗುತ್ತದೆ.

ಒಂದು ಗಾಲಿಯ ಮೇಲೆ 250 ಕಿಲೊ ಭಾರ, ಗಾಲಿಯ ಮೇಲೆಯೇ ನೇರವಾಗಿ ಕುಳಿತ ಸ್ಪ್ರಿಂಗ್‌ನ ಬಿಗಿತ ಸೆಂಟಿಮೀಟರಿಗೆ 25 ಕಿಲೊ ಎಂದಿಟ್ಟುಕೊಳ್ಳೋಣ. ಸ್ಪ್ರಿಂಗ್ 10 ಸೆಂ.ಮೀ. ಕುಗ್ಗಿ ನಿಲ್ಲುತ್ತದೆ. ಲೆಕ್ಕ ಹಾಕಿದರೆ ಅದರ ಸಹಜ ಕುಣಿತ ಸೆಕೆಂಡಿಗೆ ಸುಮಾರು 1.6 ಸಲ. ಸಾಮಾನ್ಯ ಕಾರುಗಳಲ್ಲಿ ಇದು 1ರಿಂದ 1.5, ಸ್ಪೋರ್ಟ್ಸ್ ಕಾರುಗಳಲ್ಲಿ ಇನ್ನೂ ತುಸು ಹೆಚ್ಚು. ‘ಗಟ್ಟಿ ಇರಲಿ’ ಎಂದು ಎರಡರಷ್ಟು ಬಿಗಿತದ ಸ್ಪ್ರಿಂಗ್ ಹಾಕಿದರೆ ಕುಣಿತ 2.2ಕ್ಕೆ ಏರುತ್ತದೆ. ಆಗ ಕೂತವರ ಬೆನ್ನುಮೂಳೆಯೇ ಸ್ಪ್ರಿಂಗ್‌ನ ಕೆಲಸ ಮಾಡಬೇಕಾಗುತ್ತದೆ! ಸ್ಪ್ರಿಂಗೇ ಇಲ್ಲದ ಚಕ್ಕಡಿಯಲ್ಲಿ ಕಲ್ಲುದಾರಿ ಸವೆಸಿದವರಿಗೆ ಈ ಅನುಭವ ಹೊಸದಲ್ಲ. ಚಕ್ಕಡಿ ನಿಧಾನವಾಗಿ ಹೋಗುವುದರಿಂದ ನಡೆಯುತ್ತದೆ. ಅದಕ್ಕಿಂತ ವೇಗದ ಟಾಂಗಾಕ್ಕೆ ಪಾಟಾ ಬೇಕೇ ಬೇಕಾಯಿತು.

ಸ್ಪ್ರಿಂಗ್ ಆರಿಸುವಾಗ ಕಣ್ಣಳತೆ ಎಷ್ಟು ಮೋಸ ಮಾಡುತ್ತದೆ ಎಂಬುದಕ್ಕೆ ಇನ್ನೊಂದು ಲೆಕ್ಕವಿದೆ. ಸುರುಳಿ ಸ್ಪ್ರಿಂಗ್‌ನ ಬಿಗಿತ ಅದರ ತಂತಿಯ ದಪ್ಪದ ನಾಲ್ಕನೇ ಘಾತಕ್ಕೆ ಅನುಗುಣವಾಗಿರುತ್ತದೆ. 10 ಮಿ.ಮೀ. ತಂತಿಯ ಬದಲು 11 ಮಿ.ಮೀ. ತಂತಿ ಬಳಸಿದರೆ ಬಿಗಿತ ಶೇ 46ರಷ್ಟು ಹೆಚ್ಚು. 12 ಮಿ.ಮೀ. ಆದರೆ ಎರಡರಷ್ಟು! ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರೆ ಗುರುತೇ ಸಿಗದಷ್ಟು ಸಣ್ಣ ವ್ಯತ್ಯಾಸ ಇದು.

ಸ್ಪ್ರಿಂಗ್ ಎಲ್ಲಿ ಕುಳಿತಿದೆ ಎಂಬುದೂ ಮುಖ್ಯ. ಗಾಲಿಯನ್ನು ಹಿಡಿದ ತೋಳಿನ ನಟ್ಟನಡುವೆ ಅದು ಕುಳಿತಿದ್ದರೆ ಗಾಲಿಗೆ ಸಿಗುವ ಬಿಗಿತ ಅರ್ಧವಲ್ಲ, ಕಾಲು ಭಾಗ ಮಾತ್ರ. ಬಲವೂ ಅರ್ಧ, ಚಲನೆಯೂ ಅರ್ಧವಾಗುವುದೇ ಇದಕ್ಕೆ ಕಾರಣ. ಆದ್ದರಿಂದ ಒಂದು ಕಾರಿನ ಸ್ಪ್ರಿಂಗ್‌ನ ಅಂಕಿಯನ್ನು ಇನ್ನೊಂದು ಕಾರಿಗೆ ಹೊಂದಿಸಲಾಗದು.

ಕಾರನ್ನು ತಗ್ಗಿಸಲು ಸ್ಪ್ರಿಂಗ್‌ನ ಒಂದು ಸುತ್ತನ್ನು ಕತ್ತರಿಸುವ ಚಾಳಿ ಕೆಲವು ಹುಡುಗರಿಗಿದೆ. ಎಂಟು ಸುತ್ತಿನಲ್ಲಿ ಒಂದು ಹೋದರೆ ಬಿಗಿತ ಶೇ 14ರಷ್ಟು ಏರುತ್ತದೆ, ಆಡಲು ಇರುವ ಜಾಗ ತಗ್ಗುತ್ತದೆ. ತುದಿಯ ಸಮತಟ್ಟಾದ ಸುತ್ತು ಇಲ್ಲವಾಗಿ ಸ್ಪ್ರಿಂಗ್ ತನ್ನ ಪೀಠದಲ್ಲಿ ಸರಿಯಾಗಿ ಕೂರುವುದಿಲ್ಲ. ಗಾಲಿ ಗುಂಡಿಯಲ್ಲಿ ಜೋತುಬಿದ್ದಾಗ ಅದು ಕಳಚಿಕೊಂಡರೂ ಕಳಚಿಕೊಂಡೀತು.

ಶಾಕಪ್ ಏನು ಮಾಡುತ್ತದೆ?

ಗ್ಯಾರೇಜಿನವರ ಬಾಯಲ್ಲಿ ‘ಶಾಕಪ್’ ಆಗಿರುವ ಶಾಕ್ ಅಬ್ಸಾರ್ಬರ್ ಹೆಸರಿಗೆ ಆಘಾತ ಹೀರುವ ಸಾಧನ. ನಿಜವಾಗಿ ಆಘಾತವನ್ನು ಮೊದಲು ನುಂಗುವುದು ಸ್ಪ್ರಿಂಗ್. ನುಂಗಿದ್ದನ್ನು ಅದು ಮರಳಿ ಉಗುಳದಂತೆ ತಡೆಯುವುದೇ ಶಾಕಪ್‌ನ ಕೆಲಸ. ಗೋಕಾಕ ಫಾಲ್ಸ್‌ನ ಸುಮಾರು 200 ಮೀಟರ್ ಉದ್ದದ ತೂಗುಸೇತುವೆಯನ್ನು ನೆನೆಯಿರಿ. ಇಂಥ ಸೇತುವೆಯ ಮೇಲೆ ಹೆಜ್ಜೆ ನಿಂತ ಮೇಲೂ ತೊನೆತ ಒಮ್ಮೆಲೆ ನಿಲ್ಲುವುದಿಲ್ಲ. ಶಾಕಪ್ ಸತ್ತ ಕಾರೂ ಹಾಗೆಯೇ: ಉಬ್ಬು ದಾಟಿ ಎಷ್ಟೋ ದೂರ ಹೋದರೂ ಕುಣಿಯುತ್ತಲೇ ಇರುತ್ತದೆ.

ಶಾಕಪ್‌ನ ಒಳಗೆ ಎಣ್ಣೆ, ಎಣ್ಣೆಯಲ್ಲಿ ಸಣ್ಣ ರಂಧ್ರಗಳಿರುವ ಪಿಸ್ಟನ್. ಗಾಲಿ ಆಡಿದಾಗ ಎಣ್ಣೆ ಆ ರಂಧ್ರಗಳಲ್ಲಿ ನುಸುಳಬೇಕು. ಕುಣಿತದ ಶಕ್ತಿ ಬಿಸಿಯಾಗಿ ಕರಗುತ್ತದೆ. ಸಾಮಾನ್ಯವಾಗಿ ಶಾಕಪ್ ಕುಗ್ಗುವಾಗ ಕಡಿಮೆ, ಹಿಗ್ಗುವಾಗ ಎರಡು ಮೂರು ಪಟ್ಟು ಹೆಚ್ಚು ತಡೆ ಒಡ್ಡುತ್ತದೆ. ಉಬ್ಬು ಬಂದಾಗ ಗಾಲಿ ಸಲೀಸಾಗಿ ಮೇಲೇರಬೇಕು, ಸ್ಪ್ರಿಂಗ್ ಮರಳಿ ಚಿಮ್ಮುವಾಗ ಅದಕ್ಕೆ ಲಗಾಮು ಬೇಕು ಎಂಬುದೇ ಇದರ ಹಿಂದಿನ ಯುಕ್ತಿ.

ಎರೆಮಣ್ಣಿನ ರಸ್ತೆಯಲ್ಲಿ ಹತ್ತು ಮೀಟರಿಗೊಂದು ಉಬ್ಬು ಇದ್ದರೆ ಗಂಟೆಗೆ 57 ಕಿ.ಮೀ. ವೇಗದ ಕಾರಿಗೆ ಸೆಕೆಂಡಿಗೆ ಸುಮಾರು 1.6 ಏಟು ಬೀಳುತ್ತವೆ. ಮೇಲಿನ ಲೆಕ್ಕದ ಸ್ಪ್ರಿಂಗ್‌ನ ಸಹಜ ಕುಣಿತವೂ ಅಷ್ಟೇ! ಜೋಕಾಲಿಗೆ ಸರಿಯಾದ ಹೊತ್ತಿಗೆ ಕೈ ಹಚ್ಚಿದಂತೆ ಪ್ರತಿ ಉಬ್ಬೂ ಕುಣಿತವನ್ನು ಹೆಚ್ಚಿಸುತ್ತಾ ಹೋಗುತ್ತದೆ. ಇಲ್ಲಿ ಬೇಕಾದದ್ದು ಗಟ್ಟಿ ಸ್ಪ್ರಿಂಗ್ ಅಲ್ಲ, ಒಳ್ಳೆಯ ಶಾಕಪ್. ಹಾಗೆಂದು ಅತಿ ಬಿಗಿಯಾದ ಶಾಕಪ್ ಹಾಕಿದರೆ ಗುಂಡಿಗಳ ಸಾಲಿನಲ್ಲಿ ಸ್ಪ್ರಿಂಗ್ ಪೂರ್ತಿ ಹಿಗ್ಗುವ ಮೊದಲೇ ಮುಂದಿನ ಏಟು ಬಿದ್ದು, ಕಾರು ಕುಸಿಯುತ್ತಾ ಹೋಗುತ್ತದೆ. ಸ್ಪ್ರಿಂಗ್ ಮತ್ತು ಶಾಕಪ್‌ಗಳದು ಗಂಡಹೆಂಡಿರ ಜೋಡಿ; ಒಂದನ್ನು ನೋಡದೆ ಇನ್ನೊಂದನ್ನು ಆರಿಸುವಂತಿಲ್ಲ.

ಮಾರುಕಟ್ಟೆಯಲ್ಲಿ ಎಣ್ಣೆ ಮಾತ್ರ ಇರುವವು, ನೈಟ್ರೋಜನ್ ಅನಿಲವನ್ನೂ ತುಂಬಿದವು, ಬಿಗಿತ ಹೊಂದಿಸುವ ತಿರುಪು ಇರುವವು ಎಂದು ಶಾಕಪ್‌ಗಳಲ್ಲಿ ಬಗೆಗಳಿವೆ. ಕೆಟ್ಟ ರಸ್ತೆಯಲ್ಲಿ ಸತತವಾಗಿ ಆಡಿದಾಗ ಎಣ್ಣೆ ನೊರೆಗಟ್ಟಿ ಸೋಲುತ್ತದೆ. ಅನಿಲದ ಒತ್ತಡ ಈ ನೊರೆಯನ್ನು ತಡೆಯುತ್ತದೆ. ಆದರೆ ಹೆಚ್ಚು ಒತ್ತಡದವು ಹಗುರ ಕಾರನ್ನು ತುಸು ಮೇಲಕ್ಕೆತ್ತುತ್ತವೆ. ಹಿಂಭಾಗ ಎತ್ತರವಾದರೆ ಹೆರಾಲ್ಡ್‌ನಂಥ ಕಾರಿಗೆ ಏನಾಗುತ್ತದೆ ಎಂಬುದನ್ನು ಆಗಲೇ ನೋಡಿದ್ದಾಗಿದೆ.

ಸಕ್ಕರೆ ಚೀಲದ ಪ್ರಯೋಗ

ಹಾಗಾದರೆ ಆರಿಸುವುದು ಹೇಗೆ? ಮೊದಲು ಅಳತೆ, ಆಮೇಲೆ ಅಂಗಡಿ.

ಸಮತಟ್ಟಾದ ನೆಲದಲ್ಲಿ ಕಾರು ನಿಲ್ಲಿಸಿ, ನಾಲ್ಕೂ ಟೈರುಗಳ ಗಾಳಿ ಸರಿಮಾಡಿ, ಪ್ರತಿ ಗಾಲಿಯ ನಡುವಿನಿಂದ ಅದರ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಅಳೆಯಬೇಕು. ಎಡಬಲಗಳಲ್ಲಿ ಒಂದು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಸ್ಪ್ರಿಂಗ್ ಕುಸಿದಿರಬಹುದು. ನಂತರ ಹಿಂದಿನ ಅಚ್ಚಿನ ನೇರಕ್ಕೆ 50 ಕಿಲೊದ ಎರಡು ಸಕ್ಕರೆ ಚೀಲ ಇಟ್ಟು, ಕಾರನ್ನು ಒಮ್ಮೆ ಅಲುಗಿಸಿ ಬಿಟ್ಟು, ಮತ್ತೆ ಅಳೆಯಬೇಕು. ನೂರು ಕಿಲೊಗೆ ಕಾರು 2 ಸೆಂ.ಮೀ. ತಗ್ಗಿದರೆ ಎರಡು ಗಾಲಿಗೂ ಸೇರಿ ಸೆಂಟಿಮೀಟರಿಗೆ 50 ಕಿಲೊ, ಒಂದೊಂದಕ್ಕೆ 25 ಕಿಲೊ. ತೋಳಿನ ಲೆಕ್ಕ, ಕೀಲಿನ ಲೆಕ್ಕ ಎಲ್ಲವೂ ಇದರಲ್ಲೇ ಬಂದುಬಿಡುತ್ತದೆ. ಸಕ್ಕರೆ ಕಾರ್ಖಾನೆಗಳ ಸೀಮೆಯ ವಿದ್ಯಾರ್ಥಿಗಳಿಗೆ ಇದಕ್ಕಿಂತ ಸಿಹಿಯಾದ ಪ್ರಯೋಗ ಇನ್ನೇನು ಬೇಕು?

ಶಾಕಪ್‌ಗೆ ಮೂಲೆ ಒತ್ತಿ ಬಿಡುವ ಪರೀಕ್ಷೆ ಎಲ್ಲರಿಗೂ ಗೊತ್ತು. ಕಾರು ಒಮ್ಮೆ ಮೇಲೆದ್ದು ನಿಲ್ಲಬೇಕು. ಮತ್ತೆ ಮತ್ತೆ ಕುಣಿದರೆ ಶಾಕಪ್ ದಣಿದಿದೆ. ಮೈಮೇಲೆ ಎಣ್ಣೆ ಸೋರಿದ ಗುರುತು, ಟೈರಿನಲ್ಲಿ ಅಲ್ಲಲ್ಲಿ ತಟ್ಟೆಯಂತೆ ಸವೆದ ಗುಳಿಗಳು ಇತರ ಲಕ್ಷಣಗಳು. ಇವನ್ನೆಲ್ಲ ನೋಡುವ ಮೊದಲು ಕೀಲುಗಳ ರಬ್ಬರ್ ಬುಷ್‌ಗಳನ್ನು ನೋಡಬೇಕು. ಅನೇಕ ಸಲ ‘ಜಂಪಿಂಗ್ ಹೋಗಿದೆ’ ಎಂಬ ದೂರಿನ ಮೂಲ ಒಣಗಿ ಬಿರಿದ ಅಗ್ಗದ ರಬ್ಬರು.

ಬದಲಿಸಲೇಬೇಕಾದರೆ ಒಂದು ಅಚ್ಚಿನ ಎರಡೂ ಬದಿಗಳನ್ನು ಒಟ್ಟಿಗೆ ಬದಲಿಸಬೇಕು. ಮೂಲ ಅಳತೆಯದೇ ಸ್ಪ್ರಿಂಗ್ ಮೊದಲ ಆಯ್ಕೆ. ಅದು ಸಿಗದೆ ಸ್ಥಳೀಯವಾಗಿ ಮಾಡಿಸುವುದಾದರೆ ಒಂದು ಎಚ್ಚರ: ಹಳೆಯ, ಕುಸಿದ ಸ್ಪ್ರಿಂಗನ್ನೇ ಮಾದರಿಯಾಗಿ ಕೊಟ್ಟರೆ ಕುಸಿತವೂ ನಕಲಾಗಿ ಬರುತ್ತದೆ! ತಂತಿಯ ದಪ್ಪ, ಸುರುಳಿಯ ವ್ಯಾಸ, ಸುತ್ತುಗಳ ಸಂಖ್ಯೆಗಳನ್ನು ಹಳೆಯದರಿಂದ ಅಳೆದು, ಭಾರವಿಲ್ಲದಾಗಿನ ಉದ್ದವನ್ನು ಮಾತ್ರ ಕಾರಿನ ಕೈಪಿಡಿಯಿಂದ ಕೊಡಬೇಕು. ಹೊಸ ಶಾಕಪ್‌ನ ಪೂರ್ತಿ ಹಿಗ್ಗಿದ ಹಾಗೂ ಪೂರ್ತಿ ಕುಗ್ಗಿದ ಉದ್ದಗಳು ಹಳೆಯದಕ್ಕೆ ಹೊಂದಬೇಕು. ಇಲ್ಲವಾದರೆ ಕಾರಿನ ರಬ್ಬರ್ ತಡೆಗೆ ಬೀಳಬೇಕಾದ ಏಟು ಶಾಕಪ್‌ನ ತಳಕ್ಕೆ ಬೀಳುತ್ತದೆ.

ಮನೆಯಂಗಳದಲ್ಲಿ ಹಗ್ಗ, ತಂತಿ ಕಟ್ಟಿ ಸುರುಳಿ ಸ್ಪ್ರಿಂಗ್ ಬಿಚ್ಚುವ ಸಾಹಸ ಮಾತ್ರ ಬೇಡವೇ ಬೇಡ. ಸೆಂಟಿಮೀಟರಿಗೆ 25 ಕಿಲೊ ಬಿಗಿತದ ಸ್ಪ್ರಿಂಗನ್ನು 15 ಸೆಂ.ಮೀ. ಅದುಮಿದರೆ ಅದರಲ್ಲಿ ಅಡಗಿದ ಶಕ್ತಿ 28 ಕಿಲೊ ಕಲ್ಲು ಒಂದು ಮೀಟರ್ ಎತ್ತರದಿಂದ ಬೀಳುವುದಕ್ಕೆ ಸಮ. ಅದು ಮುಖದ ಕಡೆಗೆ ಚಿಮ್ಮಿದರೆ? ಸರಿಯಾದ ಒತ್ತುಸಾಧನವಿರುವ ಗ್ಯಾರೇಜಿಗೆ ಹೋಗುವುದೇ ಜಾಣತನ.

ಕಾನೂನು, ಕಲಿಕೆ

ಕಾರಿನ ಮೂಲ ರೂಪ ಉಳಿಸಿಕೊಳ್ಳಲು ಕಾನೂನಿನ ಕಾರಣವೂ ಇದೆ. 50 ವರ್ಷ ಮೀರಿದ, ಮೂಲ ರೂಪದಲ್ಲಿಯೇ ಉಳಿದ ವಾಹನಗಳನ್ನು ‘ವಿಂಟೇಜ್’ ಎಂದು ನೋಂದಾಯಿಸಲು ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ನಿಯಮ ತಂದಿತು. ಚಾಸಿ, ಮೈ, ಎಂಜಿನ್‌ಗಳನ್ನು ಗಣನೀಯವಾಗಿ ಮಾರ್ಪಡಿಸಿದ್ದರೆ ಈ ಮನ್ನಣೆ ಇಲ್ಲ. ಇಂಥ ಕಾರನ್ನು ಪ್ರದರ್ಶನ, ರ್‍ಯಾಲಿ, ದುರಸ್ತಿ ಮುಂತಾದವುಗಳಿಗೆ ಒಯ್ಯಬಹುದೇ ಹೊರತು ದಿನನಿತ್ಯದ ಓಡಾಟಕ್ಕಲ್ಲ. ವಿಂಟೇಜ್ ಅಲ್ಲದ ಕಾರುಗಳಿಗೂ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಮನಬಂದ ಮಾರ್ಪಾಡಿಗೆ ಕಡಿವಾಣ ಹಾಕುತ್ತದೆ. ಸವೆದ ಸ್ಪ್ರಿಂಗ್‌ಗೆ ಅದೇ ಬಗೆಯ ಹೊಸದು ಹಾಕುವುದು ದುರಸ್ತಿ. ಹೊಸ ಕೊಂಡಿಗಳನ್ನು ಕೂರಿಸಲು ಚಾಸಿಯನ್ನೇ ಕೊಯ್ದು ಬೆಸೆಯುವುದು ಮಾರ್ಪಾಡು.

ಹಳೆ ಕಾರಿನ ಹುಚ್ಚು ಓದಿಗೆ ಶತ್ರು ಎಂದು ಹಲವು ಪಾಲಕರು ಹೆದರುತ್ತಾರೆ. ಆದರೆ ಸ್ಪ್ರಿಂಗ್ ಆರಿಸುವ ಈ ಒಂದು ಕೆಲಸದಲ್ಲೇ ಹುಕ್‌ನ ನಿಯಮ, ಆಂದೋಲನ, ಶಕ್ತಿಯ ರೂಪಾಂತರ, ಸನ್ನೆಯ ತತ್ತ್ವ ಎಲ್ಲವೂ ಕೈಗೆ ಗ್ರೀಸ್ ಹಚ್ಚಿಕೊಂಡು ಬರುತ್ತವೆ. ಎಸ್ಸೆಸ್ಸೆಲ್ಸಿ ನಂತರ ಐಟಿಐಯ ಮೋಟಾರು ವಾಹನ ಮೆಕ್ಯಾನಿಕ್ ತರಬೇತಿಗೆ ಎರಡು ವರ್ಷ, ಪಾಲಿಟೆಕ್ನಿಕ್‌ನ ಆಟೊಮೊಬೈಲ್ ಡಿಪ್ಲೊಮಾಕ್ಕೆ ಮೂರು ವರ್ಷ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಾವೇ ವಾಹನ ಕಟ್ಟಿ ಓಡಿಸುವ ‘ಬಾಹಾ’ ಸ್ಪರ್ಧೆ 2007ರಲ್ಲಿ ಭಾರತಕ್ಕೆ ಬಂತು. ಅಲ್ಲಿ ಎಂಜಿನ್‌ನ ಶಕ್ತಿಯಷ್ಟೇ ಸ್ಪ್ರಿಂಗ್‌ನ ಲೆಕ್ಕಕ್ಕೂ ಬೆಲೆಯಿದೆ.

ಹಾಗಾಗಿ ಮಗನೋ ಮಗಳೋ ‘ಗಟ್ಟಿ ಸ್ಪ್ರಿಂಗ್ ಹಾಕಿಸೋಣ’ ಎಂದು ಹಣ ಕೇಳಿದಾಗ ತಂದೆತಾಯಿ ಬೇಡ ಎನ್ನಬೇಕಾಗಿಲ್ಲ. ‘ಈಗಿರುವುದು ಸೆಂಟಿಮೀಟರಿಗೆ ಎಷ್ಟು ಕಿಲೊ?’ ಎಂದು ಕೇಳಿದರೆ ಸಾಕು. ಉತ್ತರ ತರಲು ಹೋದ ಹುಡುಗ ಅಳತೆಪಟ್ಟಿ ಹಿಡಿದು ಕಾರಿನ ಅಡಿಗೆ ತೂರುತ್ತಾನೆ. ಎರಡು ಸಕ್ಕರೆ ಚೀಲ ಹೊರುತ್ತಾನೆ. ಮರಳಿ ಬರುವಾಗ ಅವನ ಕೈಯಲ್ಲಿ ಇರುವುದು ಬಹುಶಃ ಸ್ಪ್ರಿಂಗ್‌ನ ಚೀಟಿಯಲ್ಲ, ನಾಲ್ಕು ರಬ್ಬರ್ ಬುಷ್ ಮತ್ತು ಒಂದು ಜೊತೆ ಶಾಕಪ್‌ನ ಚೀಟಿ.